ಏಳು ನಿಮಿಷದ ನಡಿಗೆ

ಸ್ವಿಟ್ಜರ್ಲೆಂಡಿಗೆ ಹೋಗಿ ಬಂದು ಎರಡು ಮಳೆಗಾಲ ಕಳೆದವು. ಬಂದ ವಾರದಲ್ಲೇ ಮೈಸೂರಿನ ಗೆಳೆಯರೊಬ್ಬರು, “ಏನೇನು ನೋಡಿದಿರಿ, ಬರೆದು ಕಳಿಸಿ, ಪತ್ರಿಕೆಯಲ್ಲಿ ಹಾಕೋಣ” ಎಂದಿದ್ದರು. ಕಣ್ಣಿನ ಪೊರೆ ತೆಗೆಸಿಕೊಂಡು ಬರೆಯುತ್ತೇನೆ ಎಂದೆ. ತೆಗೆಸಿದ್ದಾಯಿತು. ಚಳಿ ಮುಗಿಯಲಿ ಎಂದೆ. ಊಟಿಯಲ್ಲಿ ಚಳಿ ಮುಗಿಯುವುದಿಲ್ಲವೆಂದು ಅವರಿಗೂ ಗೊತ್ತು, ಕೇಳುವುದನ್ನೇ ಬಿಟ್ಟರು.

ಹಿಮದ ಬೆಟ್ಟ, ಸರೋವರ, ಕೊರಳಿಗೆ ಗಂಟೆ ಕಟ್ಟಿದ ಹಸುಗಳ ಬಗ್ಗೆಯಾದರೆ ಎರಡು ದಿನದಲ್ಲಿ ಬರೆದು ಮುಗಿಸಬಹುದಿತ್ತು. ಆದರೆ ಆ ಪ್ರವಾಸದಲ್ಲಿ ನನಗೆ ನಿಜವಾಗಿ ಆದದ್ದು ಒಂದೇ ಸಂಗತಿ. ಅದನ್ನು ಹೇಳಹೊರಟರೆ ನಲವತ್ತೈದು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನೂ ಹೇಳಬೇಕಾಗುತ್ತದೆ. ಅದಕ್ಕೇ ಮುಂದಕ್ಕೆ ಹಾಕುತ್ತ ಬಂದೆ. ನನಗೀಗ ಎಪ್ಪತ್ತೈದು. ಮುಂದಕ್ಕೆ ಹಾಕಲು ಇನ್ನು ಹೆಚ್ಚು ದಿನ ಉಳಿದಿಲ್ಲ.

ನಮ್ಮ ಅಜ್ಜ ಗುಂಡ್ಲುಪೇಟೆ ಕಡೆಯಿಂದ ಬೆಟ್ಟ ಹತ್ತಿ ಬಂದು ಊಟಿಯಲ್ಲಿ ದವಸದ ಅಂಗಡಿ ಇಟ್ಟವರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ರೈಲ್ವೆಗೆ ಸೇರಿದೆ. ಅಕ್ಷರ ದುಂಡಗಿದೆ, ಗೆರೆ ನೇರವಾಗಿ ಎಳೆಯುತ್ತಾನೆ ಎಂದು ಬಯಲುಸೀಮೆಯ ಒಂದು ಆಫೀಸಿನಲ್ಲಿ ಟೈಂಟೇಬಲ್ ಮಾಡುವ ವಿಭಾಗಕ್ಕೆ ಹಾಕಿದರು. ನಿವೃತ್ತಿಯವರೆಗೂ ಅದೇ ಕೆಲಸ ಮಾಡಿದೆ.

ಜ್ಯೂರಿಕ್

ನಾವು ಹದಿನಾಲ್ಕು ಜನ. ಎಲ್ಲರೂ ನೀಲಗಿರಿ ಬೆಟ್ಟದವರು: ಸಣ್ಣ ಟೀ ತೋಟದವರು, ಪಿಂಚಣಿದಾರರು, ವೆಲ್ಲಿಂಗ್ಟನ್ನಿನ ನಿವೃತ್ತ ಸುಬೇದಾರರೊಬ್ಬರು. ಕೂನೂರಿನ ಶಾಂತಿ ಎಂಬ ಹೆಂಗಸು ನಮ್ಮನ್ನೆಲ್ಲ ಸೇರಿಸಿ ಕರೆದುಕೊಂಡು ಹೋದವರು. ಬೆಟ್ಟದ ರೈಲುಗಳನ್ನೇ ನೋಡುವ ಪ್ರವಾಸ ಅಂದರು. ಹೆಂಡತಿ ತೀರಿಕೊಂಡ ಮೇಲೆ ಮನೆ ಬಿಟ್ಟು ಕದಲದಿದ್ದ ನಾನು ರೈಲು ಎಂದ ಕೂಡಲೇ ಒಪ್ಪಿಕೊಂಡೆ.

ಮೊದಲ ದಿನವೇ ಮಾನ ಹೋಯಿತು. ರೈಲು ಬಂದು ನಿಂತಿತು. ನಾನು ಬಾಗಿಲ ಎದುರು ನಿಂತೆ. ಬಾಗಿಲು ತೆರೆಯಲಿಲ್ಲ. ಹಿಡಿಕೆಗಾಗಿ ತಡಕಾಡಿದೆ; ಹಿಡಿಕೆಯೇ ಇಲ್ಲ. ಒಳಗಿನವರು ಗಾಜಿನಾಚೆಯಿಂದ ನನ್ನನ್ನು ನೋಡುತ್ತಿದ್ದರು. ಹಿಂದಿನಿಂದ ಒಂದು ಕೈ ಬಂದು ಬಾಗಿಲ ಮೇಲಿದ್ದ ಗುಂಡಿ ಒತ್ತಿತು.

“ಇಲ್ಲಿ ಬಾಗಿಲಿಗೂ ಹೇಳ್ಬೇಕು ಮಾಮ, ನಾನು ಬಂದಿದ್ದೀನಿ ಅಂತ.”

ಕಮಲ ಎಂಬಾಕೆ. ಅರವತ್ತರ ಹತ್ತಿರದ ಹೆಂಗಸು, ಊಟಿ ಹತ್ತಿರದ ಎಮರಾಲ್ಡ್ ಕಡೆಯ ಹಟ್ಟಿಯವರು, ನಮ್ಮ ಬೆಟ್ಟದ ಬಡಗ ಜನ. ನಮ್ಮಿಬ್ಬರ ಮಾತು ಅರ್ಧ ಬಡಗ ಭಾಷೆ, ಅರ್ಧ ತಮಿಳು. ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ.

“ರೈಲ್ವೇಲಿ ನಲವತ್ತು ವರ್ಷ ಏನ್ ಸ್ವಾಮಿ ಮಾಡಿದ್ರಿ?” ಎಂದು ಸುಬೇದಾರರು ನಕ್ಕರು.

“ಗೆರೆ ಎಳೆದೆ,” ಎಂದೆ.

ಗುಂಡಿಯ ವಿಷಯ ಕಮಲಳಿಗೆ ಗೊತ್ತಾದದ್ದು ಹೇಗೆಂದರೆ, ಆಕೆ ನಮಗಿಂತ ಒಂದು ಗಂಟೆ ಮುಂಚೆ ಬಂದು ಪ್ಲಾಟ್‌ಫಾರಂನಲ್ಲಿ ಕೂತು, ಬಂದುಹೋಗುವ ರೈಲುಗಳನ್ನೆಲ್ಲ ನೋಡಿದ್ದಳು. ಅದು ಅವಳ ಅಭ್ಯಾಸ. ಏಳಕ್ಕೆ ತಿಂಡಿ ಎಂದರೆ ಆರಕ್ಕೇ ಹೋಟೆಲಿನ ಮುಂಬಾಗಿಲಲ್ಲಿ ಸ್ವೆಟರ್ ತೊಟ್ಟು, ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದಳು.

“ಅಕ್ಕಾ, ನೀವು ರೈಲು ಹಿಡಿಯೋಕ್ಕೆ ಬಂದಿದ್ದೀರೋ, ರೈಲನ್ನ ಎಬ್ಬಿಸೋಕ್ಕೆ ಬಂದಿದ್ದೀರೋ?” ಎಂದು ಸುಬೇದಾರರು ಕೇಳಿದರು.

“ನಮ್ಮದು ಲೇಟ್ ಮನೆ ಅಣ್ಣಾ,” ಎಂದಳು ಕಮಲ. “ಹಟ್ಟೀಲಿ ನಮ್ಮನೆಗೆ ಇಟ್ಟಿರೋ ಹೆಸರೇ ಅದು. ಆ ಮನೆ ಹೆಣ್ಣು ಲೇಟಾಗಿ ಬಂದ್ರೆ ಬಿಡ್ತಾರಾ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಅದು ಯಾವ ಮನೆ ಎಂದು ನನಗಿನ್ನೂ ತಿಳಿದಿರಲಿಲ್ಲ.

ಆ ದೇಶದ ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ. ನಮ್ಮ ಕಡೆ ಕೆತ್ತಿಯಿಂದ ಕೂನೂರಿಗೆ ಹೋಗುವಷ್ಟರಲ್ಲಿ ಪಕ್ಕದವರ ಸಕ್ಕರೆ ಕಾಯಿಲೆ, ಅವರ ಮಗಳ ಗಂಡನ ಗುಣ, ಹಸಿರು ಟೀ ಎಲೆಯ ಈ ವಾರದ ಬೆಲೆ ಎಲ್ಲ ತಿಳಿದುಹೋಗುತ್ತದೆ. ಅಲ್ಲಿ ಎದುರು ಕೂತವರು ಒಂದು ಸೇಬನ್ನು ಚಾಕುವಿನಲ್ಲಿ ಹೆಚ್ಚಿ, ಸದ್ದಿಲ್ಲದೆ ತಿಂದು, ಸಿಪ್ಪೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು. ಒಂದು ನಾಯಿ ಇತ್ತು. ಅದಕ್ಕೂ ಟಿಕೆಟ್ ಇದೆ ಎಂದು ಶಾಂತಿ ಹೇಳಿದರು. ನಮಗಿಂತ ಶಿಸ್ತಿನಲ್ಲಿ ಕೂತಿತ್ತು.

ಲೂಸರ್ನ್

ಮಿಕ್ಕವರು ಹಳೆಯ ಮರದ ಸೇತುವೆ ನೋಡಲು ಹೋದರು. ನಾನು ಸ್ಟೇಷನ್ನಿನಲ್ಲೇ ಉಳಿದೆ. ಅಲ್ಲಿ ಗಂಟೆಗೆ ಸ್ವಲ್ಪ ಮುಂಚೆ ಒಂದೊಂದು ದಿಕ್ಕಿನಿಂದ ಒಂದೊಂದು ರೈಲು ಬಂದು ಸೇರುತ್ತದೆ. ಜನ ಇಳಿದು ಈ ರೈಲಿನಿಂದ ಆ ರೈಲಿಗೆ ದಾಟಿಕೊಳ್ಳುತ್ತಾರೆ. ಗಂಟೆ ಕಳೆದ ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಹೊರಟುಹೋಗುತ್ತವೆ. ಅರ್ಧ ಗಂಟೆಗೆ ಮತ್ತೆ ಹಾಗೆಯೇ. ಬೆಳಿಗ್ಗೆ ಎಂಟಕ್ಕೆ ಇದ್ದದ್ದೇ ಸಂಜೆ ಐದಕ್ಕೂ. ಟೈಂಟೇಬಲ್ ಮಾಡಿದವನ ಕಣ್ಣಿಗೆ ಅದಕ್ಕಿಂತ ಚೆಂದದ ದೃಶ್ಯ ಬೇರೊಂದಿಲ್ಲ. ಅದನ್ನು ನೋಡುತ್ತ ಸುಮಾರು ಹೊತ್ತು ಬೆಂಚಿನ ಮೇಲೆ ಕೂತಿದ್ದೆ.

ವಾಪಸು ರೈಲಿಗೆ ಇನ್ನೂ ಒಂದೂವರೆ ಗಂಟೆ ಇರುವಾಗಲೇ ಕಮಲ ಬಂದು ಪಕ್ಕದಲ್ಲಿ ಕೂತಳು.

“ಮಾಮ, ಒಂದು ಮಾತು ಕೇಳ್ತೀನಿ. ಟೈಂಟೇಬಲ್ ಬಾಬು ಅಂತ ನಮ್ಮಪ್ಪ ಒಬ್ಬರ ವಿಷಯ ಹೇಳ್ತಿದ್ರು. ಗುಂಡ್ಲುಪೇಟೆ ಕಡೆಯವರು ಅಂತ. ಅದು ನೀವೇನಾ?”

“ನಿಮ್ಮಪ್ಪ ಯಾರಮ್ಮ?”

ಅವಳು ಸ್ಟೇಷನ್ನಿನ ಹೆಸರು ಹೇಳಿದಳು. ಕೆತ್ತಿ ಕಣಿವೆಯ ಕಡೆಯ ಒಂದು ಸಣ್ಣ ಸ್ಟೇಷನ್. ಅಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು ಎಂದಳು. ನನ್ನ ಕೈಯಲ್ಲಿ ಕಾಫಿಯ ಕಾಗದದ ಲೋಟ ಇತ್ತು. ಅದನ್ನು ಕೆಳಗಿಟ್ಟು, ಹೌದು, ನಾನೇ ಎಂದೆ.

“ನೀವೇ ಬಂದು ಅಳೆದ್ರಂತಲ್ಲ ಮಾಮ. ಸಮಯ ಸಾಕು ಅಂತ ನೀವೇ ಬರೆದ್ರಂತೆ. ನಮ್ಮಮ್ಮ ಬೈಯೋರು ನಿಮ್ಮನ್ನ. ಅಪ್ಪ ಬಿಡ್ತಿರ್ಲಿಲ್ಲ. ‘ಆ ಬಾಬು ಒಳ್ಳೆಯವರು, ಅಳೆದು ಬರೆದಿದ್ದಾರೆ. ತಪ್ಪು ನನ್ನ ಕಾಲಿನದು’ ಅನ್ನೋರು.” ಬ್ಯಾಗನ್ನು ತೊಡೆಯ ಮೇಲೆ ಸರಿಮಾಡಿಕೊಂಡು, “ನನಗೇನೂ ಬೇಜಾರಿಲ್ಲ. ಇದ್ದದ್ದನ್ನ ಇದ್ದ ಹಾಗೆ ಬರೆದ್ರಿ. ನಿಮ್ಮ ಕೆಲಸ ಅದು,” ಎಂದಳು.

ನಾನು, “ತುಂಬ ಹಿಂದಿನ ಮಾತಮ್ಮ,” ಎಂದೆ. ಅಷ್ಟೇ ಹೇಳಿದ್ದು.

ಓದುವವರಿಗೆ ಇಲ್ಲಿ ವಿವರ ಹೇಳಬೇಕು. ಟೈಂಟೇಬಲನ್ನು ನಾವು ಆಗ ದೊಡ್ಡ ಗ್ರಾಫ್ ಹಾಳೆಯ ಮೇಲೆ ಮಾಡುತ್ತಿದ್ದೆವು. ಕೆಳಗಿನಿಂದ ಮೇಲಕ್ಕೆ ಸ್ಟೇಷನ್ನುಗಳು, ಎಡದಿಂದ ಬಲಕ್ಕೆ ನಿಮಿಷಗಳು. ಒಂದೊಂದು ರೈಲಿಗೂ ಒಂದೊಂದು ಓರೆ ಗೆರೆ. ಬೆಟ್ಟದಲ್ಲಿ ಒಂದೇ ಹಳಿ. ಹತ್ತುವ ರೈಲಿನ ಗೆರೆಯೂ ಇಳಿಯುವ ರೈಲಿನ ಗೆರೆಯೂ ಸ್ಟೇಷನ್ನಿನಲ್ಲೇ ಸಂಧಿಸಬೇಕು, ನಡುವೆ ಸಂಧಿಸಿದರೆ ಎರಡೂ ಡಿಕ್ಕಿ. ಸ್ಟೇಷನ್ನಿನಲ್ಲಿ ಸಂಧಿಸಿದ ಮೇಲೂ ಇಳಿಯುವ ರೈಲು ತಕ್ಷಣ ಹೊರಡುವಂತಿಲ್ಲ. ಹಳಿ ಕವಲೊಡೆಯುವ ಜಾಗಕ್ಕೆ ಪಾಯಿಂಟ್ಸ್‌ಮನ್ ನಡೆದು ಹೋಗಿ, ಕವಲನ್ನು ಕೈಯಿಂದ ತಿರುಗಿಸಿ, ಬೀಗ ಹಾಕಿ, ಬೀಗದ ಕೈಯನ್ನು ತಂದು ಸ್ಟೇಷನ್ ಮಾಸ್ತರರ ಕೈಗೆ ಕೊಡಬೇಕು. ಆಮೇಲೆ ಹಸಿರು ನಿಶಾನೆ. ಅವರು ನಡೆಯುವ ಸಮಯವೂ ನಮ್ಮ ಗ್ರಾಫಿನಲ್ಲಿ ಸೇರಿರುತ್ತದೆ. ಹಳೆಯ ಟೇಬಲ್ಲಿನಲ್ಲಿ ಅದಕ್ಕೆ ಏಳು ನಿಮಿಷ ಇತ್ತು.

ನನಗೆ ಇಪ್ಪತ್ತೆಂಟಾಗಿದ್ದಾಗ ಬೆಳಗಿನ ಪ್ಯಾಸೆಂಜರನ್ನು ಮೂರು ನಿಮಿಷ ಬೇಗ ಕೂನೂರು ಮುಟ್ಟಿಸಬೇಕೆಂದು ಹೇಳಿಕೆ ಬಂತು. ಪಾಳಿಯ ಕೆಲಸಕ್ಕೆ ಹೋಗುವವರ ಬೇಡಿಕೆ. ನಾನೊಬ್ಬನೇ ಮಾಡಿದ ಮೊದಲ ಟೇಬಲ್ ಅದು. ಬೆಟ್ಟದಲ್ಲಿ ರೈಲನ್ನು ಓಡಿಸಲಾಗುವುದಿಲ್ಲ, ಇಳಿಜಾರು ಬಿಡುವುದಿಲ್ಲ. ನಿಲ್ಲುವ ಕಡೆ ಮಾತ್ರ ನಿಮಿಷ ಕದಿಯಬಹುದು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಆ ಸ್ಟೇಷನ್ನಿಗೆ ಹೋದೆ. ಒಳ್ಳೆಯ ಬಿಸಿಲು. ಕೈಗಡಿಯಾರ ನೋಡಿಕೊಂಡು ಕವಲಿನವರೆಗೆ ನಾನೇ ನಡೆದು ಹೋಗಿ ವಾಪಸು ಬಂದೆ. ನಾಲ್ಕು ನಿಮಿಷ. ನನ್ನ ಕೈಯಲ್ಲಿ ಲಾಟೀನು ಇರಲಿಲ್ಲ, ಕಬ್ಬಿಣದ ಬೀಗದ ಕೈ ಇರಲಿಲ್ಲ, ಕವಲನ್ನು ತಿರುಗಿಸಲೂ ಇಲ್ಲ. ತಿರುಗಿಸಿದಂತೆ ಬಾಗಿ ಎದ್ದೆ. ಏಳು ಹೊಡೆದು ಹಾಕಿ ನಾಲ್ಕು ಬರೆದೆ. ಸಾಹೇಬರು ಬೆನ್ನು ತಟ್ಟಿದರು.

ಹೊಸ ಟೇಬಲ್ ಬಂದ ದಿನದಿಂದ ಆ ರೈಲು ಆ ಸ್ಟೇಷನ್ನಿನಿಂದ ಮೂರು ನಿಮಿಷ ತಡವಾಗಿ ಹೊರಡತೊಡಗಿತು. ಎರಡಲ್ಲ, ಐದಲ್ಲ. ನಾನು ತೆಗೆದ ಮೂರೇ. ರಿಜಿಸ್ಟರಿನಲ್ಲಿ ಸ್ಟೇಷನ್ ಮಾಸ್ತರರು ಕಾರಣದ ಕಡೆ ‘ಪಾಯಿಂಟ್ಸ್‌ಮನ್ ವಿಳಂಬ’ ಎಂದು ಬರೆದು ಕಳಿಸುತ್ತಿದ್ದರು. ಕಮಲಳ ಅಪ್ಪನಿಗೆ ಆಗ ಐವತ್ತು ದಾಟಿತ್ತು, ಮಂಡಿ ನೋವಿತ್ತು.

ಜುಲೈನಲ್ಲಿ ಅವರು ಆಫೀಸಿಗೇ ಬಂದರು. ಬಿಳಿ ಹೊದಿಕೆ, ಬಿಳಿ ರುಮಾಲು. ಬೆಟ್ಟ ಇಳಿದು ಬಂದ ಸೆಖೆಗೆ ಮುಖವೆಲ್ಲ ಬೆವರು. ನನ್ನ ಮೇಜಿನ ಮುಂದೆ ನಿಂತು, “ಸಾರ್, ಒಂದ್ಸಲ ಮಳೇಲಿ ಬೆಳಿಗ್ಗೆ ಬಂದು ನನ್ನ ಜೊತೆ ನಡೆದು ನೋಡಿ. ಒಂದೇ ಸಲ,” ಎಂದರು. ಮುಂದಿನ ವಾರ ಬರುತ್ತೇನೆ ಎಂದೆ. ಹೋಗಲಿಲ್ಲ. ಆಗಸ್ಟಿನಲ್ಲಿ ಮೇಲಿನಿಂದ ಕಾಗದ ಬಂತು: ಕೊಟ್ಟಿರುವ ಸಮಯ ಸಾಕೇ? ಆ ಹೊತ್ತಿಗೆ ನನಗೆ ಎಲ್ಲ ತಿಳಿದಿತ್ತು. ಮೂರು ತಿಂಗಳ ರಿಜಿಸ್ಟರು ಎದುರಿಗೇ ಇತ್ತು. ಸಾಲದು ಎಂದು ಬರೆದರೆ ನನ್ನ ಮೊದಲ ಟೇಬಲ್ ತಪ್ಪಾಗುತ್ತಿತ್ತು. ‘ಸ್ಥಳದಲ್ಲೇ ಅಳೆದಿದೆ. ಸಮಯ ಸಾಕು’ ಎಂದು ದುಂಡಗೆ ಬರೆದು ಸಹಿ ಹಾಕಿ, ಕ್ಯಾಂಟೀನಿಗೆ ಹೋಗಿ ಬೋಂಡ ತಿಂದೆ.

ಅವರನ್ನು ಬಯಲಿನ ಒಂದು ಯಾರ್ಡಿಗೆ ವರ್ಗ ಮಾಡಿದರು.

ಹಲ್ಲುಹಳಿಯ ಬೆಟ್ಟ

ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಕಿ, ಎಂಜಿನ್ನಿನ ಹಲ್ಲಿನ ಗಾಲಿ ಅದನ್ನು ಕಚ್ಚಿ ಹಿಡಿದು ಬೆಟ್ಟ ಹತ್ತುವ ರೈಲು ನಮ್ಮಲ್ಲೂ ಇದೆ. ನಮ್ಮ ಹಳೆಯ ಎಂಜಿನ್ನುಗಳು ಬಂದದ್ದು ಈ ದೇಶದಿಂದಲೇ. ಕಮಲ ಪ್ರವಾಸಕ್ಕೆ ಬಂದದ್ದು ಇದಕ್ಕಾಗಿ. ಬೆಟ್ಟದ ತಪ್ಪಲಿನ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರಂ ಅಂಚಿನಲ್ಲಿ ಬಾಗಿ ಹಲ್ಲಿನ ಪಟ್ಟಿಯನ್ನು ನೋಡುತ್ತ ನಿಂತಳು. ಮುಟ್ಟಲು ಕೈ ಚಾಚಿದ್ದನ್ನು ನೋಡಿ ಅಲ್ಲಿನ ಕೆಲಸಗಾರನೊಬ್ಬ ಬೆರಳಾಡಿಸಿ ಬೇಡ ಎಂದ.

“ಅಪ್ಪ ಮೊದಲು ಕಲ್ಲಾರ್ ಕಡೆ ಹಳಿ ನೋಡ್ಕೊಳ್ಳೋ ಗ್ಯಾಂಗಿನಲ್ಲಿದ್ರು ಮಾಮ,” ಎಂದಳು ಮೇಲೆ ಹತ್ತುವಾಗ. “ಈ ಹಲ್ಲಿಗೆ ಗ್ರೀಸ್ ಹಚ್ಚೋ ಕೆಲಸ. ಇದನ್ನ ಮಾಡಿದವರ ದೇಶ ಹೇಗಿರುತ್ತೋ ಅಂತ ಕೇಳ್ತಿದ್ರು ನಮ್ಮನ್ನ. ನಾವು ಮಕ್ಕಳು, ನಮಗೇನು ಗೊತ್ತು?”

ಕಿಟಕಿಯಾಚೆ ಇಳಿಜಾರು ಹುಲ್ಲುಗಾವಲು. ಎಮರಾಲ್ಡ್ ಅಣೆಕಟ್ಟಿನ ಹಿಂದಿನ ಗುಡ್ಡಗಳನ್ನು ತೊಳೆದು ಇಟ್ಟ ಹಾಗೆ ಇತ್ತು. ಅವಳು ಅದನ್ನು ನೋಡುತ್ತ, ನಾನು ಕೇಳದೆಯೇ ಎಲ್ಲ ಹೇಳಿದಳು. ಅವಳ ಅಪ್ಪನಿಗೆ ಬಯಲಿನ ಸೆಖೆ ಒಗ್ಗಲಿಲ್ಲ. ಎರಡು ವರ್ಷ ಇದ್ದು, ಕೆಲಸ ಬಿಟ್ಟು ಹಟ್ಟಿಗೆ ಬಂದರು. ಸೋಮಾರಿತನಕ್ಕೆ ರೈಲ್ವೆಯವರು ಓಡಿಸಿದರು ಎಂದು ಸುದ್ದಿಯಾಗಿತ್ತು. ಅಲ್ಲಿಂದ ಅದು ಲೇಟ್ ಮನೆ. ಎಂಟನೇ ಕ್ಲಾಸಿನಲ್ಲಿ ಒಂದು ದಿನ ಗಂಟೆ ಹೊಡೆದ ಮೇಲೆ ಸ್ಕೂಲಿಗೆ ಹೋದಳಂತೆ. ಮೇಷ್ಟ್ರು, “ಅಪ್ಪ ರೈಲು ನಿಲ್ಲಿಸಿದ, ಮಗಳು ಸ್ಕೂಲು ನಿಲ್ಲಿಸ್ತಾಳೆ,” ಎಂದರಂತೆ.

“ಅವತ್ತಿಂದ ಒಂದು ದಿನ ಲೇಟಾಗಿಲ್ಲ ಮಾಮ. ನನ್ನ ಮದುವೆಗೂ ನಾನೇ ಮೊದಲು ರೆಡಿ,” ಎಂದು ನಕ್ಕಳು.

ಹೇಳಲು ಅದೇ ಸರಿಯಾದ ಸಮಯವಾಗಿತ್ತು. ಬೆಟ್ಟದ ತುದಿ ಬಂತು; ಎಲ್ಲರೂ ಫೋಟೋಗೆ ಕರೆದರು. ಹಿಮದ ಮೇಲೆ ಸುಬೇದಾರರ ಪಕ್ಕದಲ್ಲಿ ನಿಂತು ನಾನು ಹಲ್ಲು ಬಿಟ್ಟಿರುವ ಫೋಟೋ ನನ್ನ ಹತ್ತಿರ ಇದೆ.

ಹೆಸರು ಬಾಯಿಗೆ ಬಾರದ ಜಂಕ್ಷನ್

ಐದನೆಯ ದಿನ ಒಂದು ಸಣ್ಣ ಜಂಕ್ಷನ್ನಿನಲ್ಲಿ ರೈಲು ಬದಲಿಸಬೇಕಿತ್ತು. ಐದು ನಿಮಿಷ ಅವಕಾಶ. ಇಳಿದು, ನೆಲದಡಿಯ ದಾರಿಗೆ ಮೆಟ್ಟಿಲಿಳಿದು, ಆಚೆ ಮೆಟ್ಟಿಲು ಹತ್ತಬೇಕು. ಎಲ್ಲರೂ ಓಡಿದರು. ನನ್ನ ಮಂಡಿ ಕೇಳಲಿಲ್ಲ. ಎಡಗೈಯಲ್ಲಿ ಕಂಬಿ, ಬಲಗೈಯಲ್ಲಿ ಪೆಟ್ಟಿಗೆ, ಒಂದೊಂದೇ ಮೆಟ್ಟಿಲು. ಕಮಲ ಹಿಂದೆ ತಿರುಗಿ ಬಂದಳು.

“ನೀನು ಹೋಗಮ್ಮ, ರೈಲು ಹೋಗ್ಬಿಡುತ್ತೆ.”

“ಹೋಗಲಿ ಬಿಡಿ. ಮೆಲ್ಲಗೆ ಹತ್ತಿ.”

ನಾವು ಮೇಲೆ ಬರುವಾಗ ರೈಲಿನ ಕೊನೆಯ ಡಬ್ಬಿ ಕದಲುತ್ತಿತ್ತು. ಗಾಜಿನೊಳಗೆ ಶಾಂತಿ ಎರಡೂ ಕೈ ಎತ್ತಿ ಏನೋ ಹೇಳುತ್ತಿದ್ದರು. ಜೀವಮಾನದಲ್ಲೇ ಕಮಲಳಿಗೆ ತಪ್ಪಿದ ಮೊದಲ ರೈಲು ಅದು. ನನ್ನಿಂದ ತಪ್ಪಿತು.

ಪ್ಲಾಟ್‌ಫಾರಂನಲ್ಲಿ ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟ ಹೆಂಗಸೊಬ್ಬಳು ಹಲಗೆಗೆ ಕಾಗದ ಸಿಕ್ಕಿಸಿಕೊಂಡು ನಿಂತಿದ್ದಳು. ನೇರ ನನ್ನ ಬಳಿ ಬಂದು, ರೈಲು ತಪ್ಪಿತೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಆಫೀಸಿನ ಇಂಗ್ಲಿಷು ನನಗೂ ಬರುತ್ತದೆ. ನಾನು ನಿಧಾನ, ನನ್ನದೇ ತಪ್ಪು ಎಂದೆ.

“ಇನ್ನೊಮ್ಮೆ ನನ್ನ ಜೊತೆ ನಡೆಯುತ್ತೀರಾ? ನಿಮಗೆ ತೊಂದರೆಯಾಗದಿದ್ದರೆ,” ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳು ನನ್ನ ಪೆಟ್ಟಿಗೆ ಎತ್ತಿಕೊಂಡು ಕೆಳಗಿಳಿದಳು; ನಾನೂ ಹಿಂದೆಯೇ ಇಳಿದೆ. ನಾನು ಮೊದಲು ರೈಲಿನಿಂದ ಇಳಿದಿದ್ದ ಪ್ಲಾಟ್‌ಫಾರಂಗೇ ಹೋದೆವು. ಅಲ್ಲಿ ಪೆಟ್ಟಿಗೆಯನ್ನು ನನ್ನ ಕೈಗೇ ಕೊಟ್ಟಳು. “ಆಗ ಹೇಗೆ ಬಂದಿರೋ ಹಾಗೆಯೇ. ಬೇಗ ಮಾಡಬೇಡಿ.” ಫೋನಿನಲ್ಲಿ ಸಮಯ ಎಣಿಸಲು ಒತ್ತಿದಳು. ನಾನು ಕಂಬಿ ಹಿಡಿದು ಇಳಿದೆ. ಅವಳು ಒಂದು ಮೆಟ್ಟಿಲು ಹಿಂದೆ, ನನ್ನ ಹೆಜ್ಜೆಗೆ ಹೆಜ್ಜೆ ಇಟ್ಟುಕೊಂಡು ಬಂದಳು. ನಾನು ನಿಂತಾಗ ನಿಂತಳು. ಮೇಲೆ ಬಂದಾಗ ಫೋನು ತೋರಿಸಿದಳು. ಏಳು ನಿಮಿಷಕ್ಕೆ ಸ್ವಲ್ಪ ಕಡಿಮೆ.

ಈ ಸ್ಟೇಷನ್ನಿನಲ್ಲಿ ರೈಲು ಬದಲಿಸಲು ಐದು ನಿಮಿಷ ಸಾಲದು ಎಂದು ದೂರು ಬಂದಿತ್ತಂತೆ. ಅದಕ್ಕೇ ಎರಡು ದಿನದಿಂದ ಇಲ್ಲಿ ನಿಂತಿದ್ದಾಳೆ. ವಯಸ್ಸಾದವರನ್ನು, ಮಗುವಿನ ಗಾಡಿ ತಳ್ಳುವವರನ್ನು, ಕೋಲು ಹಿಡಿದವರನ್ನು ಹುಡುಕಿ ಅವರ ಜೊತೆ ನಡೆಯುವುದು ಅವಳ ಕೆಲಸ. ಓಡಬಲ್ಲವರಿಗೆ ಟೇಬಲ್ ಬೇಕಾಗಿಲ್ಲ ಎಂದಳು. ಆಮೇಲೆ ನನ್ನ ಮುಖ ನೋಡಿ, “ನೀವು ನಿಧಾನ ಅಲ್ಲ. ನಮ್ಮ ಟೇಬಲ್ ತಪ್ಪು. ಕ್ಷಮಿಸಿ,” ಎಂದಳು.

ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ಅವಳು ಇನ್ನೊಂದು ಪ್ಲಾಟ್‌ಫಾರಂ ಕಡೆ ಹೋದಳು. ಒಂದು ಗಂಟೆಯ ಕೆಲಸ ಅದು. ಜೊತೆಯಲ್ಲಿ ನಡೆಯುವುದು, ಕ್ಷಮಿಸಿ ಎನ್ನುವುದು. ನನ್ನಿಂದ ನಲವತ್ತೈದು ವರ್ಷದಲ್ಲಿ ಆಗಿರಲಿಲ್ಲ.

“ಏನಂತೆ ಮಾಮ? ಏನ್ ಹೇಳಿದ್ಲು ಆಕೆ?” ಕಮಲ ಕೇಳಿದಳು. ಅವಳಿಗೆ ಇಂಗ್ಲಿಷು ತಿಳಿಯದು.

ಆ ಹೆಂಗಸು ಹೇಳಿದ್ದನ್ನು ಹಾಗೆಯೇ ಬಡಗದಲ್ಲಿ ಹೇಳಿದ್ದರೆ ಸಾಕಿತ್ತು. ಉಳಿದದ್ದು ತಾನಾಗಿ ಬರುತ್ತಿತ್ತು.

“ಮುಂದಿನ ರೈಲು ಅರ್ಧ ಗಂಟೆಗೆ ಬರುತ್ತಂತಮ್ಮ. ದಾರಿ ತೋರಿಸಿದ್ಲು,” ಎಂದೆ.

“ಇದಕ್ಕೆ ಎರಡೆರಡು ಸಲ ಮೆಟ್ಟಿಲು ಹತ್ತಿಸಿದ್ಲಾ?” ಕಮಲ ನಕ್ಕಳು. ಅಷ್ಟರಲ್ಲಿ ಎದುರಿನ ಹಳಿಯ ಮೇಲೆ ಒಂದು ರೈಲು ಗಡಿಯಾರದ ಮುಳ್ಳಿಗೆ ಸರಿಯಾಗಿ ಬಂದು ನಿಂತಿತು. ಅವಳು ಅದನ್ನು ನೋಡಿ, “ನಮ್ಮಪ್ಪ ಈ ದೇಶದಲ್ಲಿ ಕೆಲಸಕ್ಕಿದ್ದಿದ್ರೆ ಒಂದೇ ದಿನ ಮಾಮ! ಸಂಜೆಗೇ ಮನೆಗೆ ಕಳಿಸಿರೋರು,” ಎಂದಳು.

ನಾನು ಅವಳ ಜೊತೆ ನಕ್ಕೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ. ನಕ್ಕೆ.

ಆಮೇಲೆ ಅವಳು ಮೆಲ್ಲಗೆ ಹೇಳಿದಳು. ಬಡಗರಲ್ಲಿ ಸಾವಾದಾಗ ಹಟ್ಟಿಯ ಹಿರಿಯರೊಬ್ಬರು ಹೆಣದ ಮುಂದೆ ನಿಂತು, ಸತ್ತವರು ಮಾಡಿರಬಹುದಾದ ಪಾಪಗಳನ್ನು ಒಂದೊಂದಾಗಿ ಕೂಗಿ ಹೇಳುತ್ತಾರೆ. ಸೇರಿದವರೆಲ್ಲ ದನಿಗೂಡಿಸುತ್ತಾರೆ. ಹಾಗೆ ಹೇಳಿದ ಪಾಪ ಕಳೆಯುತ್ತದೆ ಎಂದು ನಂಬಿಕೆ. ಅದು ನನಗೆ ಗೊತ್ತಿದ್ದ ಪದ್ಧತಿಯೇ.

“ಅಪ್ಪ ಹೋದಾಗ ನಾನೇ ಹಿರಿಯರ ಹತ್ರ ಹೋಗಿ ಕೇಳಿಕೊಂಡೆ ಮಾಮ. ಇದನ್ನೂ ಸೇರಿಸಿ, ಕೆಲಸಕ್ಕೆ ಹೋಗೋ ಜನರನ್ನ ಕಾಯಿಸಿದ್ರು ಅಂತ. ಪಟ್ಟೀಲಿ ಇಲ್ಲದ್ದು, ಆದ್ರೂ ಸೇರಿಸಿದ್ರು. ಎಲ್ಲರೂ ಕೂಗಿ ಹೇಳಿದ್ರು. ಈಗ ಅಪ್ಪನ ಮೇಲೆ ಏನೂ ಬಾಕಿ ಇಲ್ಲ.”

ನನ್ನ ಪಾಪವನ್ನು ಅವರ ಹೆಣದ ಮುಂದೆ ಓದಿದ್ದರು. ಮಗಳೇ ಕೇಳಿಕೊಂಡು ಓದಿಸಿದ್ದಳು.

ಅರ್ಧ ಗಂಟೆಗೆ ರೈಲು ಬಂತು. ಈ ಸಲ ಗುಂಡಿಯನ್ನು ನಾನೇ ಒತ್ತಿದೆ.

ಎಮರಾಲ್ಡ್

ವಾಪಸು ಬಂದು ಎಂಟು ತಿಂಗಳಾದ ಮೇಲೆ ಬಸ್ಸು ಹಿಡಿದು ಅವಳ ಹಟ್ಟಿಗೆ ಹೋದೆ. ಅವಳು ಅಂಗಳದಲ್ಲಿ ಟೀ ಎಲೆಯನ್ನು ಕೆದರಿ ಬಲಿತದ್ದನ್ನು ಆರಿಸುತ್ತಿದ್ದಳು. ಎಲೆ ಲಾರಿ ಬರುವ ಹೊತ್ತು. “ಬನ್ನಿ ಮಾಮ! ಮಂಡಿ ಹೇಗಿದೆ?” ಎಂದು ಸ್ಟೂಲು ಹಾಕಿದಳು.

ಹೇಳಿದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಕ್ರಮದಲ್ಲೇ ಹೇಳಿದೆ. ಮೊದಲನೆಯದಾಗಿ ಮೂರು ನಿಮಿಷದ ಒತ್ತಡ ಮೇಲಿನಿಂದ ಬಂದದ್ದು. ಎರಡನೆಯದಾಗಿ ನಾನು ಅಳೆದದ್ದು ಬಿಸಿಲಿನಲ್ಲಿ. ಮೂರನೆಯದಾಗಿ ಆ ಸ್ಟೇಷನ್ನಿಗೆ ಒಬ್ಬರೇ ಪಾಯಿಂಟ್ಸ್‌ಮನ್. ಆಫೀಸಿಗೆ ವಿವರಣೆ ಬರೆದ ಹಾಗೆ ಹೇಳಿದೆ. ನನ್ನದೇ ದನಿ ನನಗೆ ಕೇಳಿಸುತ್ತಿತ್ತು, ನಿಲ್ಲಿಸಲಾಗಲಿಲ್ಲ. ಸಮಯ ಸಾಕು ಎಂದು ಸುಳ್ಳು ಬರೆದೆ ಎಂಬುದನ್ನೂ ಹೇಳಿದೆ. ಆ ಜಂಕ್ಷನ್ನಿನ ಹೆಂಗಸು ನಿಜವಾಗಿ ಏನೆಂದಳು ಎಂಬುದನ್ನೂ ಹೇಳಿದೆ.

ಕಮಲಳ ಕೈ ಎಲೆಯಲ್ಲಿ ನಿಂತಿತ್ತು.

“ಏಳು ಬೇಕಿತ್ತಾ?”

“ಏಳು ಬೇಕಿತ್ತಮ್ಮ.”

“ಅಪ್ಪ ಎಷ್ಟರಲ್ಲಿ ಮುಗಿಸ್ತಿದ್ರು?”

“ಏಳರಲ್ಲೇ. ಮಳೆಯಲ್ಲೂ ಏಳೇ. ರಿಜಿಸ್ಟರಿನಲ್ಲಿತ್ತು.”

“ಹಾಗಾದ್ರೆ ಅವರು ಒಂದು ದಿನವೂ ಲೇಟಾಗಿರ್ಲಿಲ್ಲ.”

“ಇಲ್ಲ.”

ಬೈಯುತ್ತಾಳೆ ಎಂದು ಕಾದೆ. ಅಳುತ್ತಾಳೆ ಎಂದು ಕಾದೆ. ಅವಳು ಎಲೆಯನ್ನು ಗೋಣಿಗೆ ತುಂಬತೊಡಗಿದಳು. ತುಂಬುತ್ತ, ನನ್ನನ್ನು ನೋಡದೆ, “ಆ ಹಿರಿಯರೂ ಹೋಗ್ಬಿಟ್ರಲ್ಲ ಮಾಮ. ಹೆಣದ ಮುಂದೆ ಕೂಗಿದ್ದನ್ನ ವಾಪಸು ತಗೊಳ್ಳೋದು ಹೇಗೆ ಅಂತ ನಾನು ಯಾರನ್ನ ಕೇಳಲಿ?” ಎಂದಳು.

ತಪ್ಪಾಯಿತು ಎಂಬ ಒಂದು ಮಾತು ಬಾಯಲ್ಲಿತ್ತು. ಅದಕ್ಕೆ ಈಗ ಏನು ಬೆಲೆ ಎಂದು ಯೋಚಿಸುತ್ತಿದ್ದೆ. ಯೋಚಿಸುವಷ್ಟರಲ್ಲಿ ಕೆಳಗಿನ ರಸ್ತೆಯಲ್ಲಿ ಲಾರಿ ಹಾರನ್ ಮಾಡಿತು. ಅವಳು ಗೋಣಿಯನ್ನು ತಲೆಗೇರಿಸಿಕೊಂಡು ಎದ್ದಳು. ಎರಡು ಹೆಜ್ಜೆ ಹೋಗಿ ನಿಂತಳು.

“ಪಾಯಿಂಟ್ಸ್‌ಮನ್, ಪಾಯಿಂಟ್ಸ್‌ಮನ್ ಅಂತಲೇ ಹೇಳ್ತಿದ್ದೀರಲ್ಲ. ನಮ್ಮಪ್ಪನ ಹೆಸರಾದ್ರೂ ನೆನಪಿದೆಯಾ ನಿಮಗೆ?”

ನೆನಪಿತ್ತು. ಬಾಯಿ ತೆರೆಯಲಿಲ್ಲ. ಅವಳು ಕಾಯಲಿಲ್ಲ, ಲಾರಿ ನಿಲ್ಲುವ ಜಾಗಕ್ಕೆ ಇಳಿದುಹೋದಳು. ನಾನು ಸ್ಟೂಲಿನ ಮೇಲೆ ಬಹಳ ಹೊತ್ತು ಕೂತಿದ್ದು, ಬಸ್ಸಿಗೆ ಎದ್ದು ಬಂದೆ. ಆಮೇಲೆ ಎಷ್ಟು ಸಲ ಫೋನು ಮಾಡಿದರೂ ಅವಳು ಎತ್ತಲಿಲ್ಲ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಬರುವವರು ಯಾರಾದರೂ ಇದನ್ನು ಅವಳಿಗೆ ಓದಿ ಹೇಳಬಹುದು, ಹೇಳದೆಯೂ ಇರಬಹುದು.

ಏಳು ನಿಮಿಷದ ಕೆಲಸವನ್ನು ಏಳು ನಿಮಿಷದಲ್ಲಿ ಮುಗಿಸಿದವರು, ಒಂದೇ ಸಲ ಜೊತೆಗೆ ನಡೆಯಿರಿ ಎಂದು ನನ್ನನ್ನು ಕೇಳಿದವರು, ನಾನು ಕ್ಷಮೆ ಕೇಳದೆ ಬಿಟ್ಟವರು, ಕಮಲಳ ಅಪ್ಪ, ಜೋಗಿಯವರ ಮಗ ಬೋಜನ್.